ಹಳೇ ಕಂಪ್ಯೂಟರ್ ಕೈಕೊಟ್ಟಾಗ: ‘ಫಾರ್ಮ್ಯಾಟ್’ಗೆ ಮುಂಚೆ ಏನೇನು ನೋಡಬೇಕು?

ಬೋರ್‌ವೆಲ್ ನೀರೆತ್ತಲಿಲ್ಲ ಅಂದ ತಕ್ಷಣ ನಾವು ಯಾರೂ ಮೋಟಾರು ಮೇಲೆತ್ತಿಸುವುದಿಲ್ಲ. ಮೊದಲು ಮೂರೂ ಫೇಸ್ ಕರೆಂಟ್ ಇದೆಯೇ ನೋಡುತ್ತೇವೆ. ಆಮೇಲೆ ಫ್ಯೂಸು, ಸ್ಟಾರ್ಟರು, ಕೇಬಲ್ಲು. ಇಷ್ಟೂ ಸರಿ ಇದ್ದರೆ ಮಾತ್ರ ಪೈಪು ಎತ್ತುವ ಗಾಡಿ ಕರೆಸುವ ಮಾತು. ಎತ್ತಿಸುವ ಖರ್ಚು ಎಷ್ಟು ಅಂತ ನಮಗೆ ಗೊತ್ತು.

ಮನೆಯ ಕಂಪ್ಯೂಟರ್ ಕೆಟ್ಟಾಗ ಮಾತ್ರ ಈ ತಾಳ್ಮೆ ಎಲ್ಲಿ ಹೋಗುತ್ತದೋ! ಡಬ್ಬ ಬಿಚ್ಚಿ, ಬೈಕಿನ ಮೇಲಿಟ್ಟುಕೊಂಡು ಸೀದಾ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಎರಡು ನಿಮಿಷ ನೋಡಿ, ‘ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡ್ಬೇಕು’ ಅಂತಾರೆ. ನಾವು ತಲೆಯಾಡಿಸುತ್ತೇವೆ. ಫಾರ್ಮ್ಯಾಟ್ ಅಂದರೆ ಸ್ಲೇಟು ಒರೆಸಿ ಮೊದಲಿಂದ ಬರೆಯುವುದು. ಕಂಪ್ಯೂಟರ್ ಸರಿ ಆಗಿ ಬರುತ್ತದೆ, ನಿಜ. ಅದರೊಳಗಿದ್ದ ಹತ್ತು ವರ್ಷದ ಲೆಕ್ಕ ಬರುವುದಿಲ್ಲ.

ನನ್ನದು ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೆಯಲ್ಲಿ, ರಾಜಾನುಕುಂಟೆ ಆಚೆ ಎರಡೂವರೆ ಎಕರೆ. ಗುಲಾಬಿ, ಸೇವಂತಿಗೆ, ಮನೆಗಾಗುವಷ್ಟು ರಾಗಿ, ಎರಡು ಹಸು. ಕಂಪ್ಯೂಟರ್ ಓದಿದವನಲ್ಲ. 2011ರಲ್ಲಿ ಜೋಡಿಸಿದ, ವಿಂಡೋಸ್ 7 ಇರುವ ಒಂದು ಡಬ್ಬವನ್ನು ಇವತ್ತಿಗೂ ಓಡಿಸುತ್ತಿದ್ದೇನೆ. ಅದು ನಿಂತಾಗಲೆಲ್ಲ ಹೊರಗಿನಿಂದ ಒಳಗೆ ಒಂದೊಂದೇ ನೋಡಿಕೊಂಡು ಬಂದ ಅನುಭವ ಇಲ್ಲಿದೆ. ನನ್ನಂತೆ ಹಳೇ ಯಂತ್ರ ಇಟ್ಟುಕೊಂಡಿರುವ ಕೃಷಿಕರು ಬಹಳ ಜನ ಇದ್ದಾರೆ. ಅವರಿಗಾಗಿ ಈ ಬರಹ.

ಒಳಗಿರುವುದರ ಬೆಲೆ

ಯಂತ್ರದ ಬೆಲೆ ಹೆಚ್ಚಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದಕ್ಕಿಂತ ಒಳ್ಳೆಯ ಸೆಕೆಂಡ್ ಹ್ಯಾಂಡ್ ಡಬ್ಬ ಸಿಗುತ್ತದೆ. ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಹನ್ನೊಂದು ವರ್ಷದ ಬೋರ್‌ವೆಲ್ ಲೆಕ್ಕ: ಯಾವ ತಿಂಗಳು ಎಷ್ಟು ಗಂಟೆ ಓಡಿತು, ಎಷ್ಟು ಆಂಪಿಯರ್ ಎಳೆಯಿತು, ಯಾವಾಗ ನೀರು ಕಡಿದು ಬಂತು. ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಕಳಿಸಿದ ಗುಲಾಬಿಯ ದರ. ಡೇರಿ ಹಾಲಿನ ಲೆಕ್ಕ. ಹಸು ಗಬ್ಬ ಕಟ್ಟಿದ, ಕರು ಹಾಕಿದ ದಿನಾಂಕ. ಅಣ್ಣತಮ್ಮಂದಿರ ನಡುವಿನ ವಿಭಾಗದ ಕರಡು ಪತ್ರ. ಇನ್ನೊಂದು ಬೋರು ಕೊರೆಸಬೇಕೋ, ಗುಲಾಬಿ ಕಡಿಮೆ ಮಾಡಬೇಕೋ ಅನ್ನುವುದನ್ನು ನಾನು ಈ ಲೆಕ್ಕ ನೋಡಿ ತೀರ್ಮಾನಿಸುವವನು. ಇದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಪಹಣಿ ಬೇರೆ, ಜಮೀನು ಬೇರೆ

ಫೈಲು ಹೇಗೆ ಕೆಡುತ್ತದೆ ಅಂತ ತಿಳಿಯಲು ನಮಗೆ ಗೊತ್ತಿರುವ ಹೋಲಿಕೆಯೇ ಸಾಕು.

ಹಾರ್ಡ್ ಡಿಸ್ಕ್ ಒಂದು ಊರಿನ ಜಮೀನು ಅಂದುಕೊಳ್ಳಿ. ಅದನ್ನು ಸಣ್ಣ ಸಣ್ಣ ತಾಕುಗಳಾಗಿ ಭಾಗ ಮಾಡಿದೆ. ಇವಕ್ಕೆ ಸೆಕ್ಟರ್ ಎಂದು ಹೆಸರು. ನಿಮ್ಮ ಫೈಲು ಇಂಥ ನೂರಾರು ತಾಕುಗಳಲ್ಲಿ ಕುಳಿತಿರುತ್ತದೆ, ಒಂದೇ ಕಡೆ ಇರಬೇಕೆಂದೇನೂ ಇಲ್ಲ. ಯಾವ ಫೈಲು ಯಾವ ಯಾವ ತಾಕಿನಲ್ಲಿದೆ ಎಂಬುದನ್ನು ಡಿಸ್ಕಿನಲ್ಲೇ ಒಂದು ಕಡೆ ಪಟ್ಟಿ ಮಾಡಿಟ್ಟಿರುತ್ತದೆ. ಆ ಪಟ್ಟಿಯೇ ಕಂಪ್ಯೂಟರಿನ ಪಹಣಿ.

ತೊಂದರೆ ಎರಡು ಥರ. ಜಮೀನು ಸರಿ ಇದೆ, ಪಹಣಿ ತಪ್ಪಾಗಿದೆ: ಇದು ಒಂದು. ಜಮೀನೇ ಕೊಚ್ಚಿಹೋಗಿದೆ: ಇದು ಇನ್ನೊಂದು. ಮೊದಲನೆಯದು ದುರಸ್ತಿ ಆಗುತ್ತದೆ. ಎರಡನೆಯದರಲ್ಲಿ ಉಳಿದಿದ್ದನ್ನು ಬೇಗ ಸಾಗಿಸಿಕೊಳ್ಳಬೇಕು. ಯಾವುದು ಅಂತ ಕಂಡುಹಿಡಿಯುವುದೇ ನಮ್ಮ ಕೆಲಸ.

ಪಹಣಿ ತಪ್ಪುವುದು ಯಾವಾಗ? ಹೆಚ್ಚಾಗಿ ಬರೆಯುತ್ತಿರುವಾಗ ಕರೆಂಟ್ ಹೋದರೆ. ನೀವು ‘ಸೇವ್’ ಒತ್ತಿದ ಕ್ಷಣವೇ ಎಲ್ಲವೂ ಡಿಸ್ಕಿಗೆ ಇಳಿದಿರುವುದಿಲ್ಲ. ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇರುತ್ತದೆ. ತಾಕಿಗೆ ಬರೆದಾಗಿದೆ, ಪಟ್ಟಿಗೆ ಏರಿಸುವುದರೊಳಗೆ ಕರೆಂಟ್ ಹೋಯ್ತು ಅಂದರೆ ಆ ತಾಕು ಯಾರ ಹೆಸರಿನಲ್ಲೂ ಇಲ್ಲದ ಜಮೀನಾಗುತ್ತದೆ. ಕೆಲವು ಸಲ ಒಂದೇ ತಾಕಿಗೆ ಎರಡು ಫೈಲು ಹಕ್ಕು ಹೇಳುತ್ತವೆ, ಒಂದೇ ಸರ್ವೆ ನಂಬರು ಇಬ್ಬರ ಹೆಸರಿಗೆ ಕೂತ ಹಾಗೆ.

ಹೊರಗಿನಿಂದ ಶುರು ಮಾಡಿ

ಯಂತ್ರ ಸರಿಯಾಗಿ ಏಳದಿದ್ದರೆ ಮೊದಲು ನೋಡಬೇಕಾದ್ದು ಇಷ್ಟು.

ಪೆನ್‌ಡ್ರೈವ್, ಸಿ.ಡಿ. ಒಳಗೇ ಉಳಿದಿದೆಯೇ? ಹಳೇ ಯಂತ್ರಗಳು ಅದರಲ್ಲೇ ವಿಂಡೋಸ್ ಹುಡುಕಿ, ಸಿಗದೆ, ‘ಸಿಸ್ಟಂ ಡಿಸ್ಕ್ ಇಲ್ಲ’ ಅಂತ ಇಂಗ್ಲಿಷಿನಲ್ಲಿ ಬರೆದು ಕೂತುಬಿಡುತ್ತವೆ. ತೆಗೆದು ಮತ್ತೆ ಹಾಕಿದರೆ ಸರಿ.

ಪರದೆ ಕಪ್ಪಾಗಿದ್ದು ಡಬ್ಬ ಬೀಪ್ ಬೀಪ್ ಅಂತ ಕೂಗುತ್ತಿದೆಯೇ? ಬಹಳ ಸಲ ಮೆಮೊರಿ ಪಟ್ಟಿ ಕಚ್ಚಿಕೊಳ್ಳದೆ ಹೀಗಾಗುತ್ತದೆ. ಪ್ಲಗ್ ಕಿತ್ತು, ಡಬ್ಬದ ತಗಡನ್ನು ಕೈಯಿಂದ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಂಡು, ಮೆಮೊರಿ ಪಟ್ಟಿ ಬಿಚ್ಚಿ. ಅದರ ಹಳದಿ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಊದಿ, ‘ಟಕ್’ ಎಂದು ಕೂರುವವರೆಗೆ ಒತ್ತಿ ಹಾಕಿ. ಖರ್ಚಿಲ್ಲದ ರಿಪೇರಿ ಇದು.

ಅರ್ಧ ಗಂಟೆ ಓಡಿ ತಾನಾಗಿ ಆಫ್ ಆಗುತ್ತಿದೆಯೇ? ಪ್ರೊಸೆಸರ್ ಮೇಲಿನ ಫ್ಯಾನ್ ನೋಡಿ. ನಮ್ಮ ಮನೆಗಳಲ್ಲಿ ಹುಲ್ಲಿನ ಧೂಳು, ರಾಗಿ ಹೊಟ್ಟಿನ ಧೂಳು ಸಾಮಾನ್ಯ. ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತು ಬಿಸಿ ಹೊರಹೋಗದಂತೆ ಮಾಡುತ್ತದೆ. ಒಣ ಬ್ರಷ್ ಸಾಕು. ಆದರೆ ಕರೆಂಟ್ ಡಬ್ಬ, ಅಂದರೆ ಎಸ್‌ಎಂಪಿಎಸ್, ಅದನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಬೋರ್ಡಿನ ಮೇಲೆ ನಿಂತಿರುವ ಸಣ್ಣ ಕೊಳವೆಗಳ ತಲೆ ಚಪ್ಪಟೆಯಾಗಿರಬೇಕು. ಊದಿದ್ದರೆ, ಕಂದು ರಸ ಒಸರಿದ್ದರೆ ಆ ಕೆಪಾಸಿಟರ್‌ಗಳು ಹೋಗಿವೆ. ಇದು ಅಂಗಡಿಯವರ ಕೆಲಸ. ಆದರೆ ಇದಕ್ಕೆ ಫಾರ್ಮ್ಯಾಟ್ ಮದ್ದಲ್ಲ ಅಂತ ನಿಮಗೆ ಗೊತ್ತಿರಲಿ.

ಗಡಿಯಾರದ ಸೆಲ್

ಆರ್‌ಟಿಸಿ ಅಂದರೆ ನಮಗೆ ಪಹಣಿ. ಕಂಪ್ಯೂಟರಿಗೂ ಒಂದು ಆರ್‌ಟಿಸಿ ಇದೆ: ಕರೆಂಟ್ ಇಲ್ಲದಾಗಲೂ ಓಡುವ ಗಡಿಯಾರ. ಬೋರ್ಡಿನ ಮೇಲಿನ ಒಂದು ರೂಪಾಯಿ ನಾಣ್ಯದಂಥ ಸೆಲ್ಲು ಇದನ್ನು ಓಡಿಸುತ್ತದೆ. ಅಂಗಡಿಯಲ್ಲಿ ‘ಸಿಆರ್ 2032’ ಅಂತ ಕೇಳಿ. ಮೂರು ವೋಲ್ಟಿನದು. ನಾನು ಕೊಟ್ಟದ್ದು ಐವತ್ತು ರೂಪಾಯಿಗೂ ಕಡಿಮೆ.

ಈ ಸೆಲ್ಲು ಸತ್ತರೆ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ಅದರಿಂದೇನು ನಷ್ಟ ಅನ್ನಬೇಡಿ. ಇವತ್ತಿನ ವೆಬ್‌ಸೈಟುಗಳು ಒಂದು ಪ್ರಮಾಣಪತ್ರ ತೋರಿಸುತ್ತವೆ, ಅದಕ್ಕೆ ಅವಧಿ ಇರುತ್ತದೆ. ನಿಮ್ಮ ಯಂತ್ರ ಇದು 2009 ಅಂದುಕೊಂಡಿದ್ದರೆ ಆ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಪಹಣಿ ನೋಡುವ ಪುಟ, ಬ್ಯಾಂಕಿನ ಪುಟ ಎಲ್ಲವೂ ‘ಸುರಕ್ಷಿತವಲ್ಲ’ ಅಂತ ಕೆಂಪು ತೋರಿಸುತ್ತವೆ. ವೈರಸ್ ಬಂತು ಅಂತ ಜನ ಗಾಬರಿಯಾಗುತ್ತಾರೆ. ಮೂಲೆಯಲ್ಲಿರುವ ದಿನಾಂಕ ಒಮ್ಮೆ ನೋಡಿದರೆ ವಿಷಯ ಮುಗಿಯಿತು.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಸೆಲ್ಲು ಸತ್ತಾಗ ಬೋರ್ಡಿನ ಸೆಟ್ಟಿಂಗುಗಳೂ ಕಾರ್ಖಾನೆಯ ಮೂಲಸ್ಥಿತಿಗೆ ಹೋಗುತ್ತವೆ. ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ವಿಧಾನ ಬದಲಾಗಿಬಿಡಬಹುದು. ಎರಡು ವಿಧಾನಗಳಿವೆ: ಐಡಿಇ ಮತ್ತು ಎಎಚ್‌ಸಿಐ. ವಿಂಡೋಸ್ ಒಂದಕ್ಕೆ ಒಗ್ಗಿಕೊಂಡಿದ್ದು ಬೋರ್ಡು ಇನ್ನೊಂದಕ್ಕೆ ತಿರುಗಿದರೆ ನೀಲಿ ಪರದೆ ಬಂದು ಯಂತ್ರ ಮೇಲೇಳುವುದೇ ಇಲ್ಲ. ಡಿಸ್ಕೂ ಸರಿ, ವಿಂಡೋಸೂ ಸರಿ, ಫೈಲುಗಳೂ ಸರಿ. ಸೆಲ್ಲು ಬದಲಿಸಿ ಆ ಒಂದು ಸೆಟ್ಟಿಂಗ್ ಮೊದಲಿನಂತೆ ಮಾಡಿದರೆ ಎದ್ದು ಕೂರುತ್ತದೆ. ಇಂಥ ಯಂತ್ರ ಫಾರ್ಮ್ಯಾಟ್ ಆಗಿ ಬಂದರೆ ನಷ್ಟ ಯಾರಿಗೆ?

ಫೈಲು ಹೋಗಿದೆಯೋ, ಕಾಣುತ್ತಿಲ್ಲವೋ?

ಹೋಗಿದೆ ಅಂತ ನಾವು ಅಂದುಕೊಂಡ ಫೈಲು ಎಷ್ಟೋ ಸಲ ಅಲ್ಲೇ ಇರುತ್ತದೆ. ಮೂರು ಉದಾಹರಣೆ ಕೊಡುತ್ತೇನೆ.

ಒಂದು, ಪೆನ್‌ಡ್ರೈವಿನ ಮಾಯೆ. ಪ್ರಿಂಟ್ ತೆಗೆಸಲು ಪೆನ್‌ಡ್ರೈವನ್ನು ಪೇಟೆಯ ಯಾವುದೋ ಕಂಪ್ಯೂಟರಿಗೆ ಹಾಕುತ್ತೇವೆ. ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಬಾಣದ ಗುರುತಿನ ‘ಶಾರ್ಟ್‌ಕಟ್’ ಆಗಿರುತ್ತವೆ. ಪೆನ್‌ಡ್ರೈವಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿ. ಒಳಗೆ ಏನೂ ಕಾಣದಿದ್ದರೂ ಜಾಗ ತುಂಬಿದೆ ಅಂತ ತೋರಿಸಿದರೆ ನಿಮ್ಮ ಫೈಲು ಒಳಗೇ ಇದೆ. ವೈರಸ್ಸು ಅವನ್ನು ಅಡಗಿಸಿದೆ, ಅಷ್ಟೆ. ಆ ಶಾರ್ಟ್‌ಕಟ್‌ಗಳನ್ನು ಒತ್ತಬೇಡಿ. ಒತ್ತಿದರೆ ವೈರಸ್ಸು ನಿಮ್ಮ ಯಂತ್ರಕ್ಕೂ ಹತ್ತುತ್ತದೆ. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ತೆರೆದು, ಪೆನ್‌ಡ್ರೈವಿನ ಅಕ್ಷರ ಮತ್ತು ಎರಡು ಚುಕ್ಕಿ (ಉದಾಹರಣೆಗೆ ಜಿ ಮುಂದೆ ಕೋಲನ್) ಹಾಕಿ ಎಂಟರ್ ಒತ್ತಿ. ಆಮೇಲೆ ಎ, ಟಿ, ಟಿ, ಆರ್, ಐ, ಬಿ ಎಂಬ ಆರು ಅಕ್ಷರ. ಜಾಗ ಬಿಟ್ಟು ಮೈನಸ್ ಎಚ್. ಜಾಗ ಬಿಟ್ಟು ಮೈನಸ್ ಆರ್. ಜಾಗ ಬಿಟ್ಟು ಮೈನಸ್ ಎಸ್. ಜಾಗ ಬಿಟ್ಟು ಓರೆಗೀಟು ಎಸ್. ಜಾಗ ಬಿಟ್ಟು ಓರೆಗೀಟು ಡಿ. ಎಂಟರ್. ಅಡಗಿದ್ದ ಫೋಲ್ಡರುಗಳು ಹೊರಗೆ ಬರುತ್ತವೆ. ಬೇಕಾದ್ದನ್ನು ನಕಲು ಮಾಡಿಕೊಂಡು, ವೈರಸ್ ತಪಾಸಣೆ ಮಾಡಿ, ಆಮೇಲೆ ಪೆನ್‌ಡ್ರೈವ್ ಒರೆಸಿ.

ಎರಡು, ನುಡಿಯಲ್ಲಿ ಬರೆದ ಹಳೇ ಕಡತ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ನಾವು ಎಷ್ಟೋ ಅರ್ಜಿ, ಪತ್ರ ಬರೆದಿದ್ದೇವೆ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೀಟು ಇಟ್ಟ ವಿಚಿತ್ರ ಬರಹ ಕಾಣುತ್ತದೆ. ‘ಫೈಲು ಕೆಟ್ಟುಹೋಗಿದೆ’ ಅಂತ ಅಳಿಸಿಬಿಟ್ಟವರಿದ್ದಾರೆ. ಸ್ವಲ್ಪ ಗಮನಿಸಿ: ಸಾಲುಗಳು ಸಾಲಾಗಿಯೇ ಇವೆಯೇ? ಪದಗಳ ನಡುವೆ ಜಾಗ ಸರಿಯಾಗಿದೆಯೇ? ಅಂಕಿಗಳು ಓದಲು ಬರುತ್ತವೆಯೇ? ಹಾಗಿದ್ದರೆ ಫೈಲು ಗಟ್ಟಿಯಾಗಿದೆ. ಆ ಯಂತ್ರದಲ್ಲಿ ನುಡಿಯ ಅಕ್ಷರಮಾದರಿ ಇಲ್ಲ, ಅಷ್ಟೆ. ಹಳೇ ನುಡಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನುಡಿ ಹಾಕಿದರೆ ಕನ್ನಡ ಮತ್ತೆ ಕಾಣುತ್ತದೆ. ಇಂಥ ಕಡತಗಳನ್ನು ಬಿಡುವಾದಾಗ ಯುನಿಕೋಡ್‌ಗೆ ಪರಿವರ್ತಿಸಿ ಇಡುವುದು ಒಳ್ಳೆಯದು. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಆಮೇಲೆ ಮೊಬೈಲಿನಲ್ಲೂ ಓದಬಹುದು.

ಮೂರು, ನಿಜವಾಗಿ ಕೆಟ್ಟದ್ದು. ಫೈಲಿನ ಗಾತ್ರ ನೋಡಿ. ‘0 ಕೆ.ಬಿ.’ ಅಂತ ಇದ್ದರೆ ಹೆಸರು ಮಾತ್ರ ಉಳಿದಿದೆ, ಒಳಗೆ ಏನೂ ಇಲ್ಲ. ಗಾತ್ರ ಸರಿಯಾಗಿದ್ದೂ ತೆರೆಯದಿದ್ದರೆ ಎಕ್ಸೆಲ್, ವರ್ಡ್‌ಗಳಲ್ಲಿ ‘ಓಪನ್’ ಗುಂಡಿಯ ಪಕ್ಕದ ಬಾಣ ಒತ್ತಿ ‘ಓಪನ್ ಅಂಡ್ ರಿಪೇರ್’ ಮಾಡಿ. ಯಾವುದೇ ಪ್ರಯೋಗಕ್ಕೆ ಮೊದಲು ಆ ಫೈಲಿನ ಇನ್ನೊಂದು ನಕಲು ಮಾಡಿ, ನಕಲಿನ ಮೇಲೆ ಪ್ರಯೋಗ ಮಾಡಿ.

ಯಂತ್ರವೇ ಬರೆದಿಟ್ಟ ದಿನಚರಿ

2024ರ ಮುಂಗಾರಿನಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದು. ಎರಡು ಮೂರು ದಿನಕ್ಕೊಮ್ಮೆ ಯಂತ್ರ ಏಳುವಾಗ ‘ಡಿಸ್ಕ್ ತಪಾಸಣೆ ಮಾಡಬೇಕು’ ಅಂತ ಕೇಳತೊಡಗಿತು. ಒಂದು ದಿನ ಬೋರ್‌ವೆಲ್ ಲೆಕ್ಕದ ಫೈಲು ತೆರೆಯಲಿಲ್ಲ. ಗಾತ್ರ 0 ಕೆ.ಬಿ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ‘ಹಾರ್ಡ್ ಡಿಸ್ಕ್ ಹೋಗಿದೆ, ಬದಲಾಯಿಸಿ ಹೊಸ ವಿಂಡೋಸ್ ಹಾಕೋಣ’ ಅಂದರು. ಡಬ್ಬ ಬಿಚ್ಚಿ ನೋಡಿರಲಿಲ್ಲ. ವಾಪಸ್ ಮನೆಗೆ ತಂದೆ.

ವಿಂಡೋಸಿನಲ್ಲಿ ‘ಈವೆಂಟ್ ವ್ಯೂವರ್’ ಅಂತ ಒಂದಿದೆ. ಸ್ಟಾರ್ಟ್ ಒತ್ತಿ ಆ ಹೆಸರು ಬರೆದರೆ ಬರುತ್ತದೆ. ಅದರಲ್ಲಿ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಂ’. ಯಂತ್ರಕ್ಕೆ ಆದ ಪ್ರತಿ ನೋವನ್ನೂ ಅದು ತಾರೀಕು, ಗಂಟೆ ಸಮೇತ ಬರೆದಿಟ್ಟಿರುತ್ತದೆ. ಸಾಲುಗಳು ಸಾವಿರ ಇರುತ್ತವೆ, ಹೆದರಬೇಡಿ. ಕೆಂಪು ಗುರುತಿನವನ್ನು ಮಾತ್ರ ನೋಡಿ, ಪಕ್ಕದ ಸಂಖ್ಯೆ ಬರೆದುಕೊಳ್ಳಿ:

41 (ಕರ್ನಲ್ ಪವರ್): ಸರಿಯಾಗಿ ಮುಚ್ಚದೆ ಯಂತ್ರ ನಿಂತಿದೆ. ಕರೆಂಟ್ ಹೋಗಿರಬಹುದು.

55 (ಎನ್‌ಟಿಎಫ್‌ಎಸ್): ಡಿಸ್ಕಿನ ಪಹಣಿ ತಪ್ಪಾಗಿದೆ.

7 (ಡಿಸ್ಕ್): ತಾಕೇ ಕೆಟ್ಟಿದೆ, ಅಂದರೆ ಬ್ಯಾಡ್ ಬ್ಲಾಕ್.

11 (ಡಿಸ್ಕ್): ಡಿಸ್ಕಿಗೂ ಬೋರ್ಡಿಗೂ ನಡುವಿನ ಮಾತು ತುಂಡಾಗಿದೆ. ಕೇಬಲ್ ನೋಡಿ.

ನಮ್ಮ ಯಂತ್ರದ ದಿನಚರಿಯಲ್ಲಿ 7 ಒಂದೂ ಇರಲಿಲ್ಲ, 11 ಕೂಡ ಇರಲಿಲ್ಲ. 41 ಹತ್ತಾರು ಇದ್ದವು, ಅದರ ಬೆನ್ನಿಗೇ ಆಗಾಗ 55. ಗಂಟೆ ನೋಡಿದೆ. ಹೆಚ್ಚಿನವು ಒಂದೇ ಹೊತ್ತಿನವು: ಪಂಪ್‌ಸೆಟ್‌ಗೆ ತ್ರೀಫೇಸ್ ಕೊಡುವಾಗ ಒಂದು ಕ್ಷಣ ಕರೆಂಟ್ ಕಡಿದು ಬರುತ್ತದಲ್ಲ, ಆ ಹೊತ್ತು.

ಯುಪಿಎಸ್ ಇದ್ದ ಮೇಲೆ ಯಂತ್ರ ನಿಲ್ಲಬಾರದು. ಕಂಪ್ಯೂಟರನ್ನು ಬೇರ್ಪಡಿಸಿ, ಯುಪಿಎಸ್‌ಗೆ ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆಫ್ ಮಾಡಿದೆ. ಲ್ಯಾಂಪು ಆ ಕ್ಷಣವೇ ಆರಿತು. ಹಸಿರು ದೀಪ ಉರಿಯುತ್ತಿತ್ತು, ಬ್ಯಾಟರಿ ಮಾತ್ರ ಸತ್ತಿತ್ತು. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಗಂಟೆಯ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ರೋಗ ಡಿಸ್ಕಿನದಲ್ಲ, ಬ್ಯಾಟರಿಯದು. ಹೊಸ ಡಿಸ್ಕ್ ಹಾಕಿಸಿದ್ದರೆ ಅದೂ ಇದೇ ಪೆಟ್ಟು ತಿನ್ನುತ್ತಿತ್ತು.

ಫೈಲು? ಅದನ್ನಿಟ್ಟಿದ್ದ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡಿದೆ. ವಿಂಡೋಸ್ 7 ಸಾಮಾನ್ಯವಾಗಿ ಸಿ ಡ್ರೈವಿನ ಹಳೇ ರೂಪಗಳನ್ನು ತಾನೇ ತೆಗೆದಿಡುತ್ತದೆ. ಒಂಬತ್ತು ದಿನ ಹಿಂದಿನದು ಸಿಕ್ಕಿತು. ಅದನ್ನು ‘ರೀಸ್ಟೋರ್’ ಮಾಡದೆ, ತೆರೆದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ಉಳಿದ ಒಂಬತ್ತು ದಿನದ ಲೆಕ್ಕವನ್ನು ಡೇರಿ ಪುಸ್ತಕ, ಹರಾಜಿನ ಚೀಟಿ, ಗೋಡೆಯ ಕ್ಯಾಲೆಂಡರ್ ನೋಡಿ ನಾನು, ನನ್ನ ಹೆಂಡತಿ ಒಂದು ಸಂಜೆ ಕೂತು ತುಂಬಿದೆವು.

ಡಿಸ್ಕಿನ ಸರ್ವೆ

ಪಹಣಿ ದುರಸ್ತಿಗೆ ವಿಂಡೋಸಿನಲ್ಲೇ ಸರ್ವೆಯರ್ ಇದ್ದಾನೆ. ಅವನನ್ನು ಕರೆಯುವ ಮುಂಚೆ ಮುಖ್ಯ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ದುರಸ್ತಿ ಅಂದರೆ ಡಿಸ್ಕಿನ ಮೇಲೆ ಹೊಸದಾಗಿ ಬರೆಯುವುದು. ಬರೆದದ್ದನ್ನು ಅಳಿಸಲು ಬರುವುದಿಲ್ಲ.

ಸ್ಟಾರ್ಟ್ ಒತ್ತಿ ಸಿ, ಎಂ, ಡಿ ಬರೆಯಿರಿ. ಬಂದ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’. ಕಪ್ಪು ಕಿಟಕಿಯಲ್ಲಿ ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಅಕ್ಷರ ಸೇರಿಸಿ ಬರೆದು, ಜಾಗ ಬಿಟ್ಟು ಸಿ ಕೋಲನ್ ಹಾಕಿ ಎಂಟರ್. ಇಷ್ಟೇ ಬರೆದರೆ ಅದು ನೋಡಿ ವರದಿ ಕೊಡುತ್ತದೆ, ಏನನ್ನೂ ಮುಟ್ಟುವುದಿಲ್ಲ. ವರದಿಯ ಕೊನೆಯಲ್ಲಿ ‘ಬ್ಯಾಡ್ ಸೆಕ್ಟರ್ಸ್’ ಎಂಬ ಸಾಲು ಇರುತ್ತದೆ. ಅಲ್ಲಿ ಸೊನ್ನೆ ಇರಬೇಕು.

ಸೊನ್ನೆ ಇದ್ದು, ತಪ್ಪುಗಳಿವೆ ಅಂತ ಮಾತ್ರ ಹೇಳಿದರೆ ಅದೇ ಸಾಲಿನ ಮುಂದೆ ಜಾಗ ಬಿಟ್ಟು ಓರೆಗೀಟು ಎಫ್ ಸೇರಿಸಿ. ‘ಮುಂದಿನ ಸಲ ಏಳುವಾಗ ಮಾಡಲೇ?’ ಅಂತ ಕೇಳುತ್ತದೆ. ವೈ ಒತ್ತಿ ರೀಸ್ಟಾರ್ಟ್ ಮಾಡಿ. ಮಧ್ಯೆ ನಿಲ್ಲಿಸಬೇಡಿ. ಕರೆಂಟ್ ಗಟ್ಟಿ ಇರುವ ಹೊತ್ತು ನೋಡಿ ಮಾಡಿ. ಯಾರ ಹೆಸರಿನಲ್ಲೂ ಇಲ್ಲದ ತುಂಡುಗಳು ಸಿಕ್ಕರೆ ‘ಫೌಂಡ್’ ಎಂಬ ಹೆಸರಿನ ಮುಂದೆ ಸೊನ್ನೆಗಳಿರುವ ಫೋಲ್ಡರಿನಲ್ಲಿ ಕೂಡಿಡುತ್ತದೆ. ಅದು ಸಾಮಾನ್ಯವಾಗಿ ಅಡಗಿರುತ್ತದೆ. ಬೇಕಾದ್ದು ಅದರಲ್ಲಿ ಸಿಕ್ಕರೂ ಸಿಗಬಹುದು, ನೋಡದೆ ಅಳಿಸಬೇಡಿ.

ಓರೆಗೀಟು ಆರ್ ಎಂಬ ಇನ್ನೊಂದು ಇದೆ. ಅದು ಪ್ರತಿ ತಾಕನ್ನೂ ಓದಿ ನೋಡುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಇದನ್ನು ಓಡಿಸುವುದು ಬೇಡ. ಏದುಸಿರು ಬಿಡುವ ಎತ್ತನ್ನು ನೊಗಕ್ಕೆ ಕಟ್ಟಿದ ಹಾಗೆ.

ಫೈಲುಗಳು ಸರಿ ಇದ್ದು ವಿಂಡೋಸ್ ಮಾತ್ರ ಮುಗ್ಗರಿಸುತ್ತಿದ್ದರೆ ಅದೇ ಕಿಟಕಿಯಲ್ಲಿ ಎಸ್, ಎಫ್, ಸಿ ಬರೆದು, ಜಾಗ ಬಿಟ್ಟು, ಓರೆಗೀಟಿಗೆ ತಾಗಿಸಿ ‘ಸ್ಕ್ಯಾನ್‌ನೌ’ ಎಂದು ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಬರೆಯಿರಿ. ವಿಂಡೋಸ್ ತನ್ನ ಮೂಲ ಪ್ರತಿಗಳ ಜೊತೆ ತಾಳೆ ನೋಡಿ, ಕೆಟ್ಟ ಭಾಗ ಬದಲಿಸಿಕೊಳ್ಳುತ್ತದೆ. ನಿಮ್ಮ ಲೆಕ್ಕಪತ್ರ ಮುಟ್ಟುವುದಿಲ್ಲ.

ನೀಲಿ ಪರದೆ ಬಂದರೆ

ಬಂದು ಮಾಯವಾಗುತ್ತಿದ್ದರೆ, ಯಂತ್ರ ಏಳುವಾಗಲೇ ಎಫ್8 ಒತ್ತುತ್ತಿರಿ. ಬರುವ ಪಟ್ಟಿಯಲ್ಲಿ ‘ತಾನಾಗಿ ರೀಸ್ಟಾರ್ಟ್ ಆಗುವುದು ಬೇಡ’ ಎಂಬರ್ಥದ ಸಾಲು ಆರಿಸಿ. ಆಗ ನೀಲಿ ಪರದೆ ನಿಲ್ಲುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ‘ಸ್ಟಾಪ್’ ಎಂಬ ಪದದ ಮುಂದೆ ಸೊನ್ನೆಗಳ ಸಾಲು ಇದ್ದು ಕೊನೆಗೆ ಎರಡು ಅಂಕಿ-ಅಕ್ಷರ ಇರುತ್ತವೆ. ಅವೇ ಮುಖ್ಯ.

7ಬಿ: ಡಿಸ್ಕೇ ಸಿಗುತ್ತಿಲ್ಲ. ಗಡಿಯಾರದ ಸೆಲ್ಲು, ಬೋರ್ಡ್ ಸೆಟ್ಟಿಂಗ್, ಡಿಸ್ಕಿನ ಕೇಬಲ್ ನೋಡಿ. 24: ಡಿಸ್ಕಿನ ಪಹಣಿ ತಪ್ಪಾಗಿದೆ. 7ಎ: ಡಿಸ್ಕಿನಿಂದ ಓದಲು ಆಗುತ್ತಿಲ್ಲ. ಕೇಬಲ್ ಇರಬಹುದು, ಡಿಸ್ಕೂ ಇರಬಹುದು. 50 ಅಥವಾ 1ಎ: ಮೆಮೊರಿ ಪಟ್ಟಿಯ ಮೇಲೆ ಅನುಮಾನ ಪಡಿ. ಸ್ಟಾರ್ಟಿನಲ್ಲಿ ‘ಮೆಮೊರಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ತಪಾಸಣೆಯ ಸಾಧನ ಸಿಗುತ್ತದೆ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಓಡಿಸಿದರೂ ಯಾವುದು ಕೆಟ್ಟದ್ದು ತಿಳಿಯುತ್ತದೆ.

ಡಿಸ್ಕ್ ನಿಜವಾಗಿ ಸಾಯುತ್ತಿರುವಾಗ

ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ನಮ್ಮ ಬೋರ್‌ವೆಲ್ ಮೋಟಾರು ತಿರುಗುವುದು 2880ರ ಆಸುಪಾಸು. ಅಷ್ಟು ವೇಗದಲ್ಲಿ ಓದುವ ಸೂಜಿ ತಟ್ಟೆಗೆ ತಾಗದೆ ತೇಲಬೇಕು. ತಾಗಿದರೆ ಜಮೀನು ಉಳಿಯುವುದಿಲ್ಲ. ‘ಟಿಕ್, ಟಿಕ್’ ಅಂತ ಲಯವಾಗಿ ಸದ್ದು ಬಂದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಹಾಕಿ ನೋಡಬೇಡಿ. ಒಳಗಿರುವುದು ಬೇಕೇ ಬೇಕಾದರೆ ಡೇಟಾ ತೆಗೆದುಕೊಡುವವರ ಹತ್ತಿರ ಹೋಗಿ, ಮೊದಲೇ ದರ ಕೇಳಿ.

ಸದ್ದಿಲ್ಲದಿದ್ದರೂ ದಿನಚರಿಯಲ್ಲಿ 7 ಹೆಚ್ಚುತ್ತಿದ್ದರೆ, ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಆ ದಿನವೇ ನಕಲು ಮಾಡಿ. ವಿಂಡೋಸ್ ಏಳದಿದ್ದರೂ ದಾರಿ ಇದೆ. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ಬೇರೆ ಕಂಪ್ಯೂಟರಿನಲ್ಲಿ 8 ಜಿ.ಬಿ. ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದರಿಂದಲೇ ಯಂತ್ರ ಏಳಿಸಬಹುದು. ‘ಇನ್‌ಸ್ಟಾಲ್’ ಒತ್ತದಿದ್ದರೆ ಹಾರ್ಡ್ ಡಿಸ್ಕಿನಲ್ಲಿರುವುದು ಹಾಗೇ ಇರುತ್ತದೆ. ಫೈಲುಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ಎಳೆದುಕೊಳ್ಳಬಹುದು. ರೋಗ ಪತ್ತೆಗೂ ಇದು ಒಳ್ಳೆಯ ಉಪಾಯ. ಲಿನಕ್ಸ್ ಗಂಟೆಗಟ್ಟಲೆ ಸಲೀಸಾಗಿ ಓಡಿದರೆ ಬೋರ್ಡು, ಮೆಮೊರಿ ಬಹುಪಾಲು ಸರಿ ಇವೆ ಅಂತ ಅರ್ಥ. ಪಕ್ಕದ ತೋಟದ ಸ್ಟಾರ್ಟರ್ ತಂದು ಹಾಕಿ ನೋಡಿದ ಹಾಗೆ.

ಹಳೇ ಯಂತ್ರದ ಮಿತಿ

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 7ರಲ್ಲಿ ಓಡುವ ಕ್ರೋಮ್‌ನ ಕೊನೆಯ ಆವೃತ್ತಿ 109. ಕೆಲವು ವೆಬ್‌ಸೈಟುಗಳು ಇದರಲ್ಲಿ ಸರಿಯಾಗಿ ತೆರೆಯದಿದ್ದರೆ ಅದು ನಿಮ್ಮ ಯಂತ್ರದ ರೋಗವಲ್ಲ, ವಯಸ್ಸು. ಲೆಕ್ಕ ಬರೆಯಲು, ಪತ್ರ ಮಾಡಲು ಧಾರಾಳವಾಗಿ ಬಳಸಿ. ಬ್ಯಾಂಕ್ ವ್ಯವಹಾರ ಇದರಲ್ಲಿ ಬೇಡ.

ನಕಲಿನ ವಿಷಯ ಒಂದು ಮಾತು. ಬಿತ್ತನೆ ರಾಗಿಯನ್ನು ಯಾರೂ ಊಟದ ರಾಗಿಯ ಜೊತೆ ಒಂದೇ ಚೀಲದಲ್ಲಿ ಇಡುವುದಿಲ್ಲ. ಒಂದು ಪೆನ್‌ಡ್ರೈವ್ ಅದಕ್ಕೆಂದೇ ಇರಲಿ, ಪೇಟೆಗೆ ಒಯ್ಯಬೇಡಿ. ಅಮಾವಾಸ್ಯೆಗೊಮ್ಮೆ ನಕಲು ಅಂತ ನಾವು ಇಟ್ಟುಕೊಂಡಿದ್ದೇವೆ, ಮರೆಯುವುದಿಲ್ಲ. ವರ್ಷಕ್ಕೊಮ್ಮೆ ಮುಖ್ಯ ಲೆಕ್ಕ ಕಾಗದದ ಮೇಲೂ ಪ್ರಿಂಟ್ ಆಗಲಿ.

ಅಂಗಡಿಗೆ ಹೋಗುವ ಮುಂಚೆ

1. ಏನಾಯಿತು, ಯಾವಾಗ ಆಯಿತು, ಪರದೆಯ ಮೇಲೆ ಏನು ಬಂತು: ಒಂದು ಚೀಟಿಯಲ್ಲಿ ಬರೆಯಿರಿ.

2. ಕರೆಂಟ್, ಯುಪಿಎಸ್, ಪೆನ್‌ಡ್ರೈವ್, ದಿನಾಂಕ ನೋಡಿ.

3. ಫೈಲು ಹೋಗಿದೆಯೋ, ಅಡಗಿದೆಯೋ, ಅಕ್ಷರಮಾದರಿ ಇಲ್ಲವೋ ತಿಳಿಯಿರಿ.

4. ದಿನಚರಿಯಲ್ಲಿ 41, 55, 7, 11 ಎಷ್ಟಿವೆ ಎಣಿಸಿ.

5. ಮೊದಲು ನಕಲು, ಆಮೇಲೆ ದುರಸ್ತಿ.

6. ಅಂಗಡಿಗೆ ಕೊಡುವಾಗ ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಅಂತ ರಸೀದಿಯಲ್ಲೇ ಬರೆಸಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ತನ್ನಿ. ಅದರಲ್ಲಿ ನಿಮ್ಮ ಮನೆಯ ವ್ಯವಹಾರ ಇದೆ.

ಇಷ್ಟು ಮಾಡಲು ಒಂದು ಮಧ್ಯಾಹ್ನ ಸಾಕು. ಇದರಿಂದಲೂ ಸರಿಹೋಗದಿದ್ದರೆ ಅಂಗಡಿಗೆ ಕೊಡಿ, ಸಂಕೋಚವಿಲ್ಲ. ಬರೆದ ಚೀಟಿ ಕೈಯಲ್ಲಿದ್ದರೆ ಅಂಗಡಿಯವರೂ ಸುಮ್ಮನೆ ‘ವಿಂಡೋಸ್ ಹೋಗಿದೆ’ ಅನ್ನಲು ಹಿಂದೆಮುಂದೆ ನೋಡುತ್ತಾರೆ. ನಿಮ್ಮ ಯಂತ್ರ ಬೇರೆ ಥರ ಕಾಟ ಕೊಟ್ಟಿದ್ದು, ನೀವೇ ದಾರಿ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ಇನ್ನೊಬ್ಬರ ಲೆಕ್ಕ ಉಳಿದೀತು.